ಎರಡನೇ ಆಪರೇಷನ್‌ಗೆ ಮುಂಚೆ: ಎಂಡೊಮೆಟ್ರಿಯೋಸಿಸ್‌ನ ಒಂದು ಪ್ರಕರಣ ಅಧ್ಯಯನ

ಆಕೆಗೆ 31 ವರ್ಷ. ಮುಟ್ಟಿನ ನೋವು ಶುರುವಾಗಿದ್ದು 14ರಲ್ಲಿ. ಒಂದು ಆಪರೇಷನ್ ಆಗಿದೆ, ಆರು ತಿಂಗಳ ಇಂಜೆಕ್ಷನ್ ಕೋರ್ಸ್ ಮುಗಿದಿದೆ, ನೋವು ಮಾತ್ರ ಹೋಗಿಲ್ಲ. ಈಗ ಕೈಯಲ್ಲಿ ಇನ್ನೊಂದು ಲ್ಯಾಪರೋಸ್ಕೋಪಿಯ, ಅಂದರೆ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್ನಿನ ಚೀಟಿ ಇದೆ. ಮುಂದಿನ ವಾರಕ್ಕೇ ತಾರೀಕು. ಮಾಡಿಸಿಕೊಳ್ಳಬೇಕಾ, ಬೇಡವಾ? ಮಾಡಿಸೋದಾದರೆ ಯಾರ ಹತ್ತಿರ? ಈ ಬರಹ ಇಷ್ಟೇ ಪ್ರಶ್ನೆಯ ಸುತ್ತ.

ಮೊದಲೇ ಒಂದು ಮಾತು. ಇದು ಯಾರೋ ಒಬ್ಬರ ಕಡತ ಅಲ್ಲ. ಈ ಕಾಯಿಲೆಯಲ್ಲಿ ಪದೇ ಪದೇ ಕಾಣಿಸುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಪ್ರಕರಣ. ಚಿಕಿತ್ಸೆಯ ವಿವರಗಳು ಮಾತ್ರ ಈಗ ತಜ್ಞರು ಪಾಲಿಸುವಂಥವೇ.

ಹಿಂದೆ ಆಗಿದ್ದು

ಶಾಲೆಯಲ್ಲಿದ್ದಾಗ ಪ್ರತಿ ತಿಂಗಳು ಎರಡು ದಿನ ರಜೆ. "ಎಲ್ಲರಿಗೂ ಇರುತ್ತೆ, ಸುಮ್ನೆ ಮಲಗಿಕೋ" ಅನ್ನುತ್ತಿದ್ದರು ಅಮ್ಮ. ಅವರಿಗೂ ಹಾಗೇ ನೋವು ಬರುತ್ತಿತ್ತು, ಹಾಗಾಗಿ ಅದು ಸಹಜ ಅಂತಲೇ ನಂಬಿದ್ದರು. ತಾಯಿಗೋ ಅಕ್ಕನಿಗೋ ಈ ಕಾಯಿಲೆ ಇದ್ದರೆ ಮಗಳಿಗೆ, ತಂಗಿಗೆ ಬರುವ ಸಾಧ್ಯತೆ ಜಾಸ್ತಿ ಅನ್ನೋದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾಲೇಜಿನ ಹೊತ್ತಿಗೆ ನೋವಿನ ಜೊತೆ ವಾಂತಿ, ಭೇದಿ. ಹೊಟ್ಟೆಯ ಡಾಕ್ಟರು ಐಬಿಎಸ್ ಅಂದರು, ಅಂದರೆ ಕರುಳಿನ ಕಿರಿಕಿರಿ. ತೊಂದರೆ ಮುಟ್ಟಿನ ದಿನಗಳಲ್ಲೇ ಜಾಸ್ತಿ ಆಗುತ್ತಾ ಅಂತ ಕೇಳಲಿಲ್ಲ. ಹೊಟ್ಟೆಯ ಮೇಲಿಂದ ಮಾಡಿದ ಸ್ಕ್ಯಾನ್ ನಾರ್ಮಲ್ ಬಂತು. ಆ ನಾರ್ಮಲ್ ರಿಪೋರ್ಟ್ ಆಕೆಗೆ ಮಾಡಿದ ತೊಂದರೆ ಅಷ್ಟಿಷ್ಟಲ್ಲ. ಮುಂದೆ ಯಾರ ಹತ್ತಿರ ಹೋದರೂ ಅದನ್ನು ನೋಡಿ "ಏನೂ ಇಲ್ಲವಲ್ಲ" ಅಂದರು.

27ರಲ್ಲಿ ಎಡ ಅಂಡಾಶಯದಲ್ಲಿ ಐದು ಸೆಂಟಿಮೀಟರಿನ ಗಂಟು ಕಾಣಿಸಿತು. ಹಳೇ ರಕ್ತ ತುಂಬಿಕೊಂಡ, ಚಾಕೊಲೇಟ್ ಸಿಸ್ಟ್ ಅಂತ ಎಲ್ಲರೂ ಕರೆಯುವ ಗಂಟು. ಆಗ ಮೊದಲ ಸಲ ಎಂಡೊಮೆಟ್ರಿಯೋಸಿಸ್ ಅನ್ನುವ ಹೆಸರು ಕೇಳಿದ್ದು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಇದು. ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ ಎಲ್ಲಿ ಬೇಕಾದರೂ ಬೇರೂರಬಹುದು. ಉರಿಯೂತ ಆಗುತ್ತದೆ, ಕಲೆಗಟ್ಟುತ್ತದೆ, ಅಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ನೂರಕ್ಕೆ ಹತ್ತು ಜನಕ್ಕೆ, ಅಂದರೆ ಹತ್ತಿರಹತ್ತಿರ 19 ಕೋಟಿ ಜನಕ್ಕೆ ಇದಿದೆ. ಇಷ್ಟು ಸಾಮಾನ್ಯವಾದ ಕಾಯಿಲೆ ಈಕೆಯಲ್ಲಿ ಪತ್ತೆಯಾಗಲು 13 ವರ್ಷ ಬೇಕಾಯಿತು.

ಆಪರೇಷನ್ ಆಯಿತು. ಏಳೆಂಟು ತಿಂಗಳು ಆರಾಮ. ಆಮೇಲೆ ನೋವು ವಾಪಸ್. ಆಗ ಜಿಎನ್‌ಆರ್‌ಎಚ್ ಗುಂಪಿನ ಇಂಜೆಕ್ಷನ್ ಕೊಟ್ಟರು. ಅದು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಿನ ಉತ್ಪಾದನೆಯನ್ನೇ ತಗ್ಗಿಸಿ ದೇಹವನ್ನು ಸ್ವಲ್ಪ ಕಾಲ ಮುಟ್ಟು ನಿಂತ ಸ್ಥಿತಿಗೆ ತರುತ್ತದೆ. ನೋವು ಕಡಿಮೆಯಾಯಿತು, ಆದರೆ ಮೈಯೆಲ್ಲ ಬಿಸಿ, ರಾತ್ರಿ ಬೆವರು, ಕೀಲುನೋವು, ನಿದ್ದೆ ಇಲ್ಲ. ಇಂಥ ಇಂಜೆಕ್ಷನ್ ಕೊಡುವಾಗ ಜೊತೆಗೆ ಸ್ವಲ್ಪ ಪ್ರಮಾಣದ ಹಾರ್ಮೋನ್ ಮಾತ್ರೆ ಕೊಟ್ಟರೆ ಮೂಳೆಗೆ ಆಗುವ ಹಾನಿಯೂ ಈ ತೊಂದರೆಗಳೂ ಕಡಿಮೆಯಾಗುತ್ತವೆ. ಆ್ಯಡ್-ಬ್ಯಾಕ್ ಅನ್ನುತ್ತಾರೆ ಅದಕ್ಕೆ. ಈಕೆಗೆ ಅದನ್ನು ಕೊಟ್ಟಿರಲಿಲ್ಲ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ನೋವು ಮತ್ತೆ ಬಂತು. "ಒಂದು ಮಗು ಮಾಡಿಕೊಳ್ಳಿ, ಎಲ್ಲ ಸರಿಹೋಗುತ್ತೆ" ಅನ್ನುವ ಸಲಹೆಯೂ ಬಂತು. ಬಸಿರಿನಲ್ಲಿ ಮುಟ್ಟು ಇರುವುದಿಲ್ಲ, ಕೆಲವರಿಗೆ ಆಗ ಹಾಯೆನಿಸಬಹುದು. ಆದರೆ ಬಸಿರು ಈ ಕಾಯಿಲೆಗೆ ಮದ್ದಲ್ಲ. ನೋವಿಗೆ ಚಿಕಿತ್ಸೆ ಕೇಳಿದವಳಿಗೆ ಮಗು ಮಾಡಿಕೋ ಅನ್ನೋದು ಸಲಹೆ ಹೇಗಾಗುತ್ತೆ, ನನಗಂತೂ ಅರ್ಥವಾಗಿಲ್ಲ.

ಒಂದು ಪುಟದ ಆಪರೇಷನ್ ನೋಟ್

ಚೀಟಿ ಹಿಡಿದು ಆಕೆ ಎರಡನೇ ಅಭಿಪ್ರಾಯಕ್ಕೆ ಹೋದರು. ಎಂಡೊಮೆಟ್ರಿಯೋಸಿಸ್ ಆಪರೇಷನ್‌ಗಳನ್ನೇ ಜಾಸ್ತಿ ಮಾಡುವ ಒಬ್ಬ ಸ್ತ್ರೀರೋಗ ತಜ್ಞೆಯ ಹತ್ತಿರ. ಅವರು ಮೊದಲು ಕೇಳಿದ್ದು ಸ್ಕ್ಯಾನ್ ಅಲ್ಲ, ಹಳೇ ಆಪರೇಷನ್‌ನ ನೋಟ್. ಡಿಸ್ಚಾರ್ಜ್ ಚೀಟಿಯಲ್ಲ, ಆಪರೇಷನ್ ಥಿಯೇಟರಿನಲ್ಲಿ ಬರೆದಿದ್ದು.

ಅದರಲ್ಲಿ ಇದ್ದದ್ದು ನಾಲ್ಕು ಸಾಲು. ಎಡಗಡೆ ಸಿಸ್ಟ್, ಒಳಗಿನದ್ದು ಹೀರಿ ತೆಗೆಯಲಾಗಿದೆ, ಗೋಡೆಯನ್ನು ಸುಡಲಾಗಿದೆ, ಅಂಟುಗಳಿವೆ. ಅಷ್ಟೇ. ಗರ್ಭಕೋಶ ಮತ್ತು ಗುದನಾಳದ ನಡುವಿನ ಜಾಗ ತೆರೆದಿತ್ತಾ ಮುಚ್ಚಿತ್ತಾ ಅಂತ ಇಲ್ಲ. ಮೂತ್ರನಾಳಗಳ ಮಾತಿಲ್ಲ. ಫೋಟೋ ಇಲ್ಲ, ವಿಡಿಯೋ ಇಲ್ಲ. ಬಯಾಪ್ಸಿ ರಿಪೋರ್ಟ್ ಕೂಡ ಇಲ್ಲ. ಡಾಕ್ಟರು ಹಾಳೆ ಕೆಳಗಿಟ್ಟು ಅಂದದ್ದು ಇಷ್ಟು: "ಅವತ್ತು ಏನು ತೆಗೆದರು ಅನ್ನೋದು ಇದರಲ್ಲಿದೆ. ಏನು ಉಳಿಸಿದರು ಅನ್ನೋದು ಇಲ್ಲ."

ಆಮೇಲೆ ಪ್ರಶ್ನೆಗಳು. ಮುಟ್ಟಿನ ದಿನ ಮಲವಿಸರ್ಜನೆ ಮಾಡುವಾಗ ನೋವಾಗುತ್ತಾ? ಆಗುತ್ತೆ, ಚಾಕು ಹಾಕಿದ ಹಾಗೆ. ಆಗ ರಕ್ತ ಹೋಗುತ್ತಾ? ಇಲ್ಲ. ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋವಾ? ಹೌದು, ಮಾರನೇ ದಿನದವರೆಗೂ ಇರುತ್ತೆ. ಮೂತ್ರದಲ್ಲಿ ಉರಿ? ಇಲ್ಲ. ಸೊಂಟದ ಎಡಗಡೆ? ಆಗಾಗ ಭಾರ ಅನಿಸುತ್ತೆ, ಕೂತು ಕೆಲಸ ಮಾಡೋದಕ್ಕೆ ಅಂದುಕೊಂಡಿದ್ದೆ ಡಾಕ್ಟ್ರೇ. ಮಗು ಬೇಕಾ, ಯಾವಾಗ? ಬೇಕು, ಒಂದೆರಡು ವರ್ಷದಲ್ಲಿ. ಮೊದಲು ನೋವು ಕಡಿಮೆಯಾಗಲಿ.

ಈ ಕೊನೆಯ ಪ್ರಶ್ನೆ ಕೇಳದೆ ಚಿಕಿತ್ಸೆ ಬರೆದವರ ಬಗ್ಗೆ ನನಗೆ ಅನುಮಾನ ಬರುತ್ತದೆ. ಏಕೆಂದರೆ ನೋವಿಗೆ ಕೊಡುವ ಹಾರ್ಮೋನ್ ಮಾತ್ರೆಗಳು ಅಂಡ ಬಿಡುಗಡೆಯನ್ನೇ ತಡೆಯುತ್ತವೆ. ನೋವಿಗೆ ಒಳ್ಳೆಯದು, ಬಸಿರಾಗಬೇಕಾದವರಿಗೆ ಅಲ್ಲ. ಅವನ್ನು ಕೆಲವು ತಿಂಗಳು ತಗೊಂಡರೆ ಆಮೇಲೆ ಬಸಿರು ಸುಲಭ ಅನ್ನುವ ಮಾತಿಗೂ ಆಧಾರವಿಲ್ಲ. ಹಾಗೆ ಕೊಡಬೇಡಿ ಅಂತಲೇ ಯುರೋಪಿನ ತಜ್ಞರ ಸಂಸ್ಥೆ ಎಶ್ರೆಯ 2022ರ ಮಾರ್ಗಸೂಚಿ ಹೇಳುತ್ತದೆ.

ಸ್ಕ್ಯಾನ್ ಮಾಡಿದ್ದು ಯಾರು

ಅದೇ 2022ರ ಮಾರ್ಗಸೂಚಿಯಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಇದೆ. ಮುಂಚೆ ಎಂಡೊಮೆಟ್ರಿಯೋಸಿಸ್ ಇದೆ ಅಂತ ಹೇಳಬೇಕಾದರೆ ಲ್ಯಾಪರೋಸ್ಕೋಪಿ ಮಾಡಿ ಕಣ್ಣಾರೆ ನೋಡಲೇಬೇಕು ಅನ್ನುತ್ತಿದ್ದರು. ಈಗ ಹಾಗಿಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ, ಅಥವಾ ಔಷಧ ಕೊಟ್ಟು ನೋಡಿದ್ದು ಕೆಲಸ ಮಾಡದಿದ್ದರೆ, ಇಲ್ಲವೇ ಔಷಧ ಸೂಕ್ತವಲ್ಲದಿದ್ದರೆ ಮಾತ್ರ ಪತ್ತೆಗಾಗಿ ಲ್ಯಾಪರೋಸ್ಕೋಪಿ. ಲಕ್ಷಣ ನೋಡಿಯೇ ಹಾರ್ಮೋನ್ ಚಿಕಿತ್ಸೆ ಶುರುಮಾಡಬಹುದು. ರಕ್ತದಲ್ಲಿ ಸಿಎ-125 ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ನೋಡಿ ಕಾಯಿಲೆ ಇದೆ, ಇಲ್ಲ ಅಂತ ತೀರ್ಮಾನಿಸುವುದನ್ನೂ ಬೇಡ ಅಂದಿದ್ದಾರೆ. ಈಕೆಯ ಕಡತದಲ್ಲಿ ಆ ಪರೀಕ್ಷೆ ಮೂರು ಸಲ ಆಗಿತ್ತು, ಯಾವ ಸಲವೂ ಅದರಿಂದ ಏನೂ ಬದಲಾಗಿರಲಿಲ್ಲ.

ಸ್ಕ್ಯಾನ್ ಅಂದರೆ ಎಲ್ಲವೂ ಒಂದೇ ಅಲ್ಲ. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್‌ನಲ್ಲಿ ಆಳದ ಗಂಟುಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಯೋನಿಯ ಮೂಲಕ ಮಾಡುವ ಟಿವಿಎಸ್ ಬೇಕು, ಅದನ್ನು ಈ ಕಾಯಿಲೆಯನ್ನೇ ಹುಡುಕಿ ನೋಡುವ ಅಭ್ಯಾಸ ಇರುವವರು ಮಾಡಬೇಕು. ಹೇಗೆ ನೋಡಬೇಕು, ಏನೇನು ಬರೆಯಬೇಕು ಅಂತ 2016ರಲ್ಲಿ ಐಡಿಯಾ ಅನ್ನುವ ತಜ್ಞರ ಗುಂಪು ಒಂದು ಕ್ರಮ ಕೊಟ್ಟಿದೆ.

ಈಕೆಗೆ ಮಾಡಿದ ಸ್ಕ್ಯಾನ್ ಅರ್ಧ ಗಂಟೆಗೂ ಮೀರಿ ನಡೆಯಿತು. ಡಾಕ್ಟರು ಪ್ರೋಬ್‌ನಿಂದ, ಅಂದರೆ ಸ್ಕ್ಯಾನ್ ಮಾಡುವ ಕಡ್ಡಿಯಿಂದ, ಗರ್ಭಕೋಶದ ಬಾಯಿಯನ್ನು ಮೆಲ್ಲಗೆ ಒತ್ತುತ್ತಾ ಪರದೆ ನೋಡುತ್ತಿದ್ದರು. ಹಾಗೆ ಒತ್ತಿದಾಗ ಗುದನಾಳ ಗರ್ಭಕೋಶದ ಹಿಂಬದಿಯ ಮೇಲೆ ಸರಾಗವಾಗಿ ಜಾರಬೇಕು. ಇಲ್ಲಿ ಜಾರಲಿಲ್ಲ. ಅಂಟು ಹಾಕಿದ ಎರಡು ಹಾಳೆಗಳ ಹಾಗೆ ಎರಡೂ ಒಟ್ಟಿಗೇ ಅಲುಗಿದವು. ಹಿಂದಿನ ಜಾಗ ಮುಚ್ಚಿಹೋಗಿದೆ ಅಂತ ಅದರ ಅರ್ಥ. ಎರಡೂ ಅಂಡಾಶಯಗಳು ಗರ್ಭಕೋಶದ ಹಿಂದೆ ಒಂದಕ್ಕೊಂದು ತಾಗಿಕೊಂಡಿದ್ದವು. ಎಡಗಡೆ ಮೂರು ಸೆಂಟಿಮೀಟರಿನ ಸಿಸ್ಟ್ ಮತ್ತೆ ಬೆಳೆದಿತ್ತು. ಗುದನಾಳದ ಮುಂಭಾಗದ ಗೋಡೆಯಲ್ಲಿ 2.2 ಸೆಂಟಿಮೀಟರಿನ ಗಂಟು. ಗರ್ಭಕೋಶವನ್ನು ಹಿಂದಿನಿಂದ ಹಿಡಿದಿಡುವ ಎಡ ಕಟ್ಟಿನಲ್ಲಿ ಇನ್ನೊಂದು. ಕೊನೆಗೆ ಪ್ರೋಬ್ ಬದಲಿಸಿ ಕಿಡ್ನಿ ನೋಡಿದರು. ಎಡ ಕಿಡ್ನಿ ಸ್ವಲ್ಪ ಹಿಗ್ಗಿತ್ತು.

ಈ ಪ್ರಕರಣದ ದಿಕ್ಕು ಬದಲಾಗಿದ್ದು ಅಲ್ಲೇ. ಸೊಂಟದ ಎಡಗಡೆಯ ಭಾರ ಕೂತು ಕೆಲಸ ಮಾಡೋದಕ್ಕೆ ಬಂದದ್ದಲ್ಲ. ಕಟ್ಟಿನ ಗಂಟು ಪಕ್ಕದ ಮೂತ್ರನಾಳವನ್ನು ಹೊರಗಿನಿಂದ ಒತ್ತುತ್ತಿತ್ತು. ಹೀಗಾದಾಗ ಎಷ್ಟೋ ಜನಕ್ಕೆ ನೋವೇ ಗೊತ್ತಾಗುವುದಿಲ್ಲ, ಸದ್ದಿಲ್ಲದೆ ಕಿಡ್ನಿ ಹಾಳಾಗುತ್ತದೆ. ಆಳದ ಎಂಡೊಮೆಟ್ರಿಯೋಸಿಸ್ ಅಂತ ಗೊತ್ತಾದ ಮೇಲೆ ಕಿಡ್ನಿ ಸ್ಕ್ಯಾನ್ ಮಾಡದೆ ಬಿಡಬಾರದು. ಐದು ನಿಮಿಷದ ಕೆಲಸ ಅದು. ಮೊದಲ ಚೀಟಿ ಬರೆದ ಕಡೆ ಅದನ್ನು ಮಾಡಿರಲಿಲ್ಲ.

ಎಂಆರ್‌ಐ ಕೂಡ ಇದನ್ನೇ ಹೇಳಿತು. ರೆನೋಗ್ರಾಮ್ ಪರೀಕ್ಷೆಯಲ್ಲಿ ಎಡ ಕಿಡ್ನಿ ಒಟ್ಟು ಕೆಲಸದ ನೂರಕ್ಕೆ 41ರಷ್ಟನ್ನು ಮಾಡುತ್ತಿತ್ತು. ಸದ್ಯ ಉಳಿದುಕೊಂಡಿದೆ, ಬಹಳ ದಿನ ಕಾಯುವ ಹಾಗಿಲ್ಲ.

ಹಂತ ಅಂತ ಹೇಳುವುದಾದರೆ ಅಮೆರಿಕದ ಸಂತಾನ ಚಿಕಿತ್ಸಾ ತಜ್ಞರ ಸಂಸ್ಥೆ ಎಎಸ್‌ಆರ್‌ಎಂನ ಪಟ್ಟಿಯಲ್ಲಿ ಇದು ನಾಲ್ಕನೇ ಹಂತ. ಆದರೆ ಆ ಪಟ್ಟಿ ಕರುಳು, ಮೂತ್ರನಾಳಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ಹಂತಕ್ಕೂ ನೋವಿಗೂ ತಾಳೆಯೂ ಆಗುವುದಿಲ್ಲ. ಮೊದಲ ಹಂತದವರು ನೋವಿಗೆ ನೆಲ ಹಿಡಿಯಬಹುದು, ನಾಲ್ಕನೇ ಹಂತದವರಿಗೆ ಏನೂ ಗೊತ್ತಾಗದೇ ಇರಬಹುದು. 2021ರ ಎನ್ಜಿಯಾನ್ ವರ್ಗೀಕರಣ ಗಂಟು ಯಾವ ಅಂಗದಲ್ಲಿ, ಎಷ್ಟು ದೊಡ್ಡದು ಅಂತ ಬೇರೆ ಬೇರೆ ಬರೆಯುತ್ತದೆ. ಗುದನಾಳದಲ್ಲಿ ಒಂದರಿಂದ ಮೂರು ಸೆಂಟಿಮೀಟರ್ ಇದ್ದರೆ ಸಿ2. ಸರ್ಜನ್‌ಗೆ ಉಪಯೋಗಕ್ಕೆ ಬರೋದು ಇಂಥ ವಿವರ.

ಯಾರ ಕೈಗೆ ಕೊಡೋದು

ಮುಂದಿನ ವಾರದ ಲ್ಯಾಪರೋಸ್ಕೋಪಿಯನ್ನು ಆಕೆ ರದ್ದು ಮಾಡಿದರು. ಸರಿಯಾದ ತೀರ್ಮಾನ ಅಂತ ನಾನು ಹೇಳುವುದು ಆ ಸರ್ಜನ್ ಕೆಟ್ಟವರು ಅಂತಲ್ಲ. ಸಿಸ್ಟ್ ತೆಗೆಯಲು ಒಳಗೆ ಹೋದವರಿಗೆ ಅಲ್ಲಿ ಕರುಳು ಅಂಟಿದ್ದು, ಮೂತ್ರನಾಳ ಸುತ್ತಿಕೊಂಡದ್ದು ಸಿಕ್ಕರೆ ಎರಡೇ ದಾರಿ: ಮುಟ್ಟದೆ ವಾಪಸ್ ಬರೋದು, ಇಲ್ಲ ತಯಾರಿ ಇಲ್ಲದೆ ಮುಂದುವರಿಯೋದು. ಒಮ್ಮೆ ಅರ್ಧಕ್ಕೆ ಮಾಡಿದ ಹೊಟ್ಟೆಯಲ್ಲಿ ಮುಂದಿನ ಆಪರೇಷನ್ ಇನ್ನೂ ಕಷ್ಟ.

ಸರ್ಜರಿಯೇ ಬೇಡ, ಔಷಧದಲ್ಲೇ ನಡೆಸಬಹುದಾ ಅನ್ನುವ ಚರ್ಚೆಯೂ ನಡೆಯಿತು. ನಡೆಯಲೇಬೇಕಿತ್ತು. ಕರುಳಿನಲ್ಲಿ ಗಂಟಿದ್ದ ಮಾತ್ರಕ್ಕೆ ಎಲ್ಲರಿಗೂ ಕತ್ತರಿ ಹಾಕಬೇಕಿಲ್ಲ. ದಿನಾ ಎರಡು ಮಿಲಿಗ್ರಾಂ ಡೈನೊಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ ತಗೊಂಡು ವರ್ಷಗಟ್ಟಲೆ ಚೆನ್ನಾಗಿರುವವರಿದ್ದಾರೆ. ಗರ್ಭಕೋಶದಲ್ಲಿಡುವ, ಲೆವೊನಾರ್ಜೆಸ್ಟ್ರೆಲ್ ಹಾರ್ಮೋನ್ ಬಿಡುವ ಸಾಧನದಿಂದ, ಬಿಡದೆ ತಗೊಳ್ಳುವ ಗರ್ಭನಿರೋಧಕ ಮಾತ್ರೆಯಿಂದ ಹಾಯಾಗಿರುವವರಿದ್ದಾರೆ. ಇವು ಕೆಲಸ ಮಾಡದಿದ್ದವರಿಗೆ ಎಲಾಗೋಲಿಕ್ಸ್, ರೆಲುಗೋಲಿಕ್ಸ್ ಥರದ, ಈಸ್ಟ್ರೋಜನ್ ತಗ್ಗಿಸುವ ಮಾತ್ರೆಗಳೂ ಈಗ ಇವೆ. ಮಗು ಸದ್ಯಕ್ಕೆ ಬೇಡದ, ಕಿಡ್ನಿ ಸರಿ ಇರುವ ಹೆಂಗಸಾಗಿದ್ದರೆ ನಾನೂ ಔಷಧವನ್ನೇ ಮೊದಲು ಹೇಳುತ್ತಿದ್ದೆ. ಇಲ್ಲಿ ತೂಕ ಬದಲಿಸಿದ್ದು ಕಿಡ್ನಿ. ಕಲೆಗಟ್ಟಿ ಬಿಗಿದ ಮೂತ್ರನಾಳವನ್ನು ಮಾತ್ರೆ ಬಿಡಿಸುತ್ತದೆ ಅಂತ ಕೂರಲು ಆಗುವುದಿಲ್ಲ.

ತಂಡ ಹುಡುಕುವಾಗ ಆಕೆ ಕೇಳಿದ ಪ್ರಶ್ನೆಗಳು ಚೆನ್ನಾಗಿದ್ದವು. ಗುದನಾಳದ ಗಂಟಿರುವ ಇಂಥ ಕೇಸು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಕರುಳಿನ ಸರ್ಜನ್ ಮತ್ತು ಯೂರಾಲಜಿಸ್ಟ್ ಅವತ್ತು ಥಿಯೇಟರಿನಲ್ಲೇ ಇರುತ್ತಾರಾ, ಫೋನ್ ಮಾಡಿದರೆ ಬರುತ್ತಾರಾ? ಅವರು ನನ್ನನ್ನು ಮುಂಚೆ ನೋಡುತ್ತಾರಾ? ಸುಡುತ್ತೀರಾ, ಕತ್ತರಿಸಿ ತೆಗೆಯುತ್ತೀರಾ? ಕರುಳಿನ ಸೋರಿಕೆ, ಮೂತ್ರ ಕಟ್ಟುವುದು, ಇವು ನಿಮ್ಮ ರೋಗಿಗಳಲ್ಲಿ ಎಷ್ಟು ಜನಕ್ಕೆ ಆಗಿದೆ? ಕೊನೆಯ ಪ್ರಶ್ನೆಗೆ ಒಬ್ಬರು "ನಮ್ಮಲ್ಲಿ ಅಂಥದ್ದೆಲ್ಲ ಆಗಲ್ಲಮ್ಮ" ಅಂದರು. ಆಕೆ ಅಲ್ಲಿಂದ ಎದ್ದು ಬಂದರು. ಇಂಥ ಆಪರೇಷನ್ ನಿಜವಾಗಿ ಮಾಡುವವರ ಹತ್ತಿರ ತೊಡಕುಗಳ ಲೆಕ್ಕ ಇದ್ದೇ ಇರುತ್ತದೆ. ಬ್ರಿಟನ್‌ನಲ್ಲಿ ಬಿಎಸ್‌ಜಿಇ ಅನ್ನುವ ಸಂಸ್ಥೆ ಎಂಡೊಮೆಟ್ರಿಯೋಸಿಸ್ ಕೇಂದ್ರ ಅಂತ ಮಾನ್ಯತೆ ಕೊಡಲು ಕೇಳುವುದೂ ಹೆಚ್ಚುಕಡಿಮೆ ಇದನ್ನೇ: ಇಂಥ ಕೇಸುಗಳ ಸಂಖ್ಯೆ, ಜೊತೆಗೊಬ್ಬ ಕರುಳಿನ ಸರ್ಜನ್, ಇದಕ್ಕೇ ಮೀಸಲಾದ ನರ್ಸ್, ಆಪರೇಷನ್ ಆದಮೇಲಿನ ಫಲಿತಾಂಶದ ದಾಖಲೆ. ಅಂಥ ಪಟ್ಟಿ ಇಲ್ಲದ ಕಡೆ ಪ್ರಶ್ನೆಗಳನ್ನು ನಾವೇ ಕೇಳಬೇಕು, ಬೇರೆ ದಾರಿ ಇಲ್ಲ.

ಮಗುವಿನ ವಿಷಯ ಇದರ ನಡುವೆಯೇ ಬಂತು. ಅಂಡಗಳ ಸಂಗ್ರಹ ಎಷ್ಟಿದೆ ಅಂತ ಅಂದಾಜು ಕೊಡುವ ಎಎಂಎಚ್ ಈಕೆಗೆ 1.4. ವಯಸ್ಸಿಗೆ ಕಡಿಮೆಯೇ. ಅಂಡಾಶಯದ ಸಿಸ್ಟ್ ತೆಗೆಯುವಾಗ ಅದರ ಜೊತೆ ಒಳ್ಳೆಯ ಅಂಡಗಳಿರುವ ಭಾಗವೂ ಸ್ವಲ್ಪ ಹೋಗುತ್ತದೆ. ಹಾಗಾಗಿ ತಂಡ ಕಿಡ್ನಿಯನ್ನು ಸ್ಕ್ಯಾನ್‌ನಲ್ಲಿ ಗಮನಿಸುತ್ತಾ ಒಂದು ಸುತ್ತು ಅಂಡ ತೆಗೆದು, ಭ್ರೂಣ ಮಾಡಿ ಫ್ರೀಜ್ ಮಾಡಿಟ್ಟಿತು. ನಾಲ್ಕು ಭ್ರೂಣಗಳು ಸಿಕ್ಕವು. ಆಪರೇಷನ್‌ಗೆ ಮುಂಚೆ ಇದನ್ನು ಯೋಚಿಸಬೇಕು ಅಂತ ಆಕೆಗೆ ಹೇಳಿದವರು ಇವರೇ ಮೊದಲು.

ಆಪರೇಷನ್

ಹಿಂದಿನ ಸಂಜೆ ಒಬ್ಬ ನರ್ಸ್ ಬಂದು ಆಕೆಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿ ಹೊಟ್ಟೆಯ ಮೇಲೆ ಪೆನ್ನಿನಲ್ಲಿ ಒಂದು ಗುರುತು ಹಾಕಿದರು. ಕರುಳು ಕತ್ತರಿಸಬೇಕಾಗಿ ಬಂದು, ಹೊಲಿಗೆ ಮಾಯುವವರೆಗೆ ಮಲ ಹೊಟ್ಟೆಯ ಮೇಲಿನ ಚೀಲಕ್ಕೆ ಹೋಗುವ ಹಾಗೆ ಮಾಡಬೇಕಾದರೆ ಆ ಜಾಗದಲ್ಲಿ. ಬಟ್ಟೆಯ ಸೊಂಟಪಟ್ಟಿ ತಾಗಬಾರದು, ಕೂತಾಗ ಮಡಿಕೆ ಬೀಳಬಾರದು. ಆಕೆಗೆ ಅವತ್ತು ರಾತ್ರಿ ಅಳು ಬಂತು. ಆದರೆ ಮಾತು ಮುಂಚೆಯೇ ಆಗಿತ್ತು, ಕಾಗದಕ್ಕೆ ಸಹಿಯೂ ಆಗಿತ್ತು, ಎದ್ದಮೇಲೆ ಗಾಬರಿಯಾಗುವಂಥದ್ದು ಏನೂ ಇರುತ್ತಿರಲಿಲ್ಲ.

ಚೀಲದ ಅಗತ್ಯ ಬೀಳಲಿಲ್ಲ. ನಾಲ್ಕು ಗಂಟೆಯ ಕೆಲಸ. ಮೊದಲು ಎಡ ಮೂತ್ರನಾಳವನ್ನು ಆರೋಗ್ಯವಾಗಿರುವ ಮೇಲಿನ ಭಾಗದಿಂದ ಹುಡುಕಿಕೊಂಡು ಕೆಳಗೆ ಬಂದು ಬಿಡಿಸಿದರು, ಮೂತ್ರ ಸರಾಗವಾಗಿ ಹರಿಯಲು ಒಳಗೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಇಟ್ಟರು. ಕಟ್ಟಿನ ಗಂಟು ಪೂರ್ತಿ ತೆಗೆದರು. ಗುದನಾಳದ ಗಂಟನ್ನು ಗೋಡೆ ತೂತಾಗದ ಹಾಗೆ ಕೆರೆದು ತೆಗೆಯಲು ಆಯಿತು. ಆಗದಿದ್ದರೆ ಆ ಭಾಗವನ್ನು ಬಿಲ್ಲೆಯ ಹಾಗೆ ಕತ್ತರಿಸುವುದು, ಅದೂ ಆಗದಿದ್ದರೆ ಕರುಳಿನ ತುಂಡನ್ನೇ ತೆಗೆದು ಜೋಡಿಸುವುದು. ಮುಂದೆ ಮುಂದೆ ಹೋದಷ್ಟೂ ಸೋರಿಕೆ ಮತ್ತು ಆಮೇಲಿನ ಮಲವಿಸರ್ಜನೆಯ ತೊಂದರೆಗಳ ಸಾಧ್ಯತೆ ಜಾಸ್ತಿ.

ಎಡ ಅಂಡಾಶಯದ ಸಿಸ್ಟ್ ವಿಷಯದಲ್ಲಿ ತಂಡ ಪುಸ್ತಕ ಬಿಟ್ಟು ನಡೆಯಿತು. ಪುಸ್ತಕದ ಪ್ರಕಾರ ಸಿಸ್ಟ್‌ನ ಗೋಡೆಯನ್ನು ಸುಲಿದು ತೆಗೆಯುವುದು ಹೀರಿ ಸುಡುವುದಕ್ಕಿಂತ ಒಳ್ಳೆಯದು, ಮತ್ತೆ ಬರುವುದು ಕಡಿಮೆ. ಮೊದಲ ಸಲ ಹಾಗೆ ಮಾಡದ್ದಕ್ಕೇ ಬೇಗ ಮರಳಿರಬಹುದು. ಆದರೆ ಈಗ ಅದೇ ಅಂಡಾಶಯಕ್ಕೆ ಎರಡನೇ ಸಲ ಕೈ ಹಾಕುತ್ತಿದ್ದಾರೆ, ಎಎಂಎಚ್ ಕಡಿಮೆ ಇದೆ. ಸಿಸ್ಟ್ ತೆರೆದು, ತೊಳೆದು, ಒಳಗೆ ತೀರಾ ಹಗುರಾಗಿ ಚಿಕಿತ್ಸೆ ಮಾಡಿ ಬಿಟ್ಟರು. ಮತ್ತೆ ಬರಬಹುದು ಅಂತ ಆಕೆಗೆ ಹೇಳಿಯೇ ಇದ್ದರು. ಇದನ್ನು ಒಪ್ಪದ ಸರ್ಜನ್‌ಗಳೂ ಇದ್ದಾರೆ, ಅವರ ವಾದದಲ್ಲೂ ಹುರುಳಿದೆ.

ಈ ಸಲದ ನೋಟ್ ಮೂರು ಪುಟ. ಫೋಟೋಗಳಿವೆ, ಎಲ್ಲಿ ಏನು ಉಳಿದಿದೆ ಅಂತ ಬರೆದಿದೆ. ಬಯಾಪ್ಸಿಯಲ್ಲಿ ಎಂಡೊಮೆಟ್ರಿಯೋಸಿಸ್ ಅಂತ ಖಚಿತವಾಯಿತು.

ಆಮೇಲೆ

ಆರು ವಾರಕ್ಕೆ ಸ್ಟೆಂಟ್ ತೆಗೆದರು. ಎಡ ಕಿಡ್ನಿಯ ಹಿಗ್ಗು ಇಳಿದಿತ್ತು. ಮುಟ್ಟಿನ ದಿನದ ಮಲವಿಸರ್ಜನೆಯ ನೋವು ಹೋಯಿತು. ಹತ್ತಕ್ಕೆ ಒಂಬತ್ತು ಅನ್ನುತ್ತಿದ್ದ ಮುಟ್ಟಿನ ನೋವು ಮೂರಕ್ಕೆ ಬಂತು.

ಕೂಡುವಾಗಿನ ನೋವು ಮಾತ್ರ ಜಗ್ಗಲಿಲ್ಲ. ಎಲ್ಲ ತೆಗೆದಾಗಿದೆಯಲ್ಲ, ಇನ್ನೂ ಯಾಕೆ ಅಂತ ಆಕೆಗೆ ದಿಗಿಲು. ಹದಿನೇಳು ವರ್ಷ ನೋವು ತಿಂದ ದೇಹ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಸದಾ ಬಿಗಿಹಿಡಿದುಕೊಂಡೇ ಇರಲು ಕಲಿತಿರುತ್ತದೆ. ನರಗಳೂ ಸಣ್ಣದಕ್ಕೂ ದೊಡ್ಡ ಸದ್ದು ಮಾಡುತ್ತವೆ. ಗಂಟು ತೆಗೆದ ಕೂಡಲೇ ಅದು ಬಿಟ್ಟುಹೋಗುವುದಿಲ್ಲ. ಸ್ಕ್ಯಾನ್ ಮತ್ತೆ ಮಾಡಿ ಹೊಸ ಗಂಟಿಲ್ಲ ಅಂತ ಖಾತ್ರಿ ಮಾಡಿಕೊಂಡು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಗೆ ಕಳಿಸಿದರು. ಬಿಗಿ ಮಾಡುವ ವ್ಯಾಯಾಮ ಅಲ್ಲ, ಸಡಿಲ ಬಿಡುವುದನ್ನು ಕಲಿಸುವುದು. ಈ ವ್ಯತ್ಯಾಸ ಗೊತ್ತಿಲ್ಲದ ಕಡೆ ಹೋದರೆ ನೋವು ಜಾಸ್ತಿಯಾಗುತ್ತದೆ. ನಿಧಾನವಾಗಿ, ಎಂಟು ಒಂಬತ್ತು ತಿಂಗಳಲ್ಲಿ, ಆ ನೋವೂ ತಗ್ಗಿತು. ಪೂರ್ತಿ ಹೋಗಿಲ್ಲ.

ಆಪರೇಷನ್ ಆದಮೇಲೆ ಸದ್ಯಕ್ಕೆ ಮಗು ಬೇಡ ಅನ್ನುವವರಿಗೆ ಹಾರ್ಮೋನ್ ಮಾತ್ರೆ ಮುಂದುವರಿಸಬೇಕು, ಕಾಯಿಲೆ ಮರಳುವುದು ಕಡಿಮೆಯಾಗುತ್ತದೆ. ಮೊದಲ ಆಪರೇಷನ್ ಆದಾಗ ಯಾರೂ ಇದನ್ನು ಹೇಳಿರಲಿಲ್ಲ. ಈ ಸಲ ನಾಲ್ಕು ತಿಂಗಳು ಡೈನೊಜೆಸ್ಟ್ ತಗೊಂಡರು. ನಡುನಡುವೆ ರಕ್ತದ ಕಲೆ ಕಾಣಿಸುವುದು, ಮನಸ್ಸು ಕುಗ್ಗುವುದು ಇತ್ತು. ಆಮೇಲೆ ಮಗುವಿಗಾಗಿ ನಿಲ್ಲಿಸಿದರು. ವಯಸ್ಸು, ಎಷ್ಟು ಕಾಲದಿಂದ ಪ್ರಯತ್ನ, ಆಪರೇಷನ್ ಮುಗಿದಾಗ ಅಂಡನಾಳ ಮತ್ತು ಅಂಡಾಶಯಗಳ ಸ್ಥಿತಿ ಎಲ್ಲ ಸೇರಿಸಿ ಹತ್ತಕ್ಕೆ ಅಂಕ ಕೊಡುವ ಇಎಫ್‌ಐ ಅನ್ನುವ ಲೆಕ್ಕವಿದೆ. ಈಕೆಗೆ ಏಳು ಬಂತು. ಹಾಗಾಗಿ ಆರು ತಿಂಗಳು ಸಹಜವಾಗಿ ನೋಡುವುದು, ಆಗದಿದ್ದರೆ ಫ್ರೀಜ್ ಮಾಡಿಟ್ಟ ಭ್ರೂಣ.

ಈಗ ಆ ಪ್ರಯತ್ನದ ಐದನೇ ತಿಂಗಳು ನಡೆಯುತ್ತಿದೆ. ಕೊನೆಯ ಸ್ಕ್ಯಾನ್‌ನಲ್ಲಿ ಎಡ ಅಂಡಾಶಯದಲ್ಲಿ ಒಂದೂವರೆ ಸೆಂಟಿಮೀಟರಿನ ಸಿಸ್ಟ್ ಕಂಡಿದೆ. ಗುದನಾಳ ಗರ್ಭಕೋಶದ ಮೇಲೆ ಜಾರುತ್ತಿದೆ, ಕಿಡ್ನಿ ಸರಿ ಇದೆ. ಇನ್ನೊಂದು ತಿಂಗಳು ಕಾಯೋಣ ಅನ್ನುತ್ತಾರೆ ಸರ್ಜನ್. ಈಗಲೇ ಭ್ರೂಣ ಹಾಕೋಣ, ಸಿಸ್ಟ್ ಬೆಳೆಯಲು ಸಮಯ ಯಾಕೆ ಕೊಡಬೇಕು ಅನ್ನುತ್ತಾರೆ ಐವಿಎಫ್ ಡಾಕ್ಟರು. ಇಬ್ಬರನ್ನೂ ಒಂದೇ ದಿನ, ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸಬೇಕು ಅಂತ ಆಕೆ ಕೇಳಿದ್ದಾರೆ, ಅವರೂ ಒಪ್ಪಿದ್ದಾರೆ.